ಮಸ್ಕಿಯ ಜೋಪಡಿಯಲ್ಲಿ ನನ್ನನ್ನು ಉಳಿಸಿಕೊಂಡವರು

ನರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಚಹಾ ಕುಡಿಯುತ್ತ ಅವರಲ್ಲಿ ಒಬ್ಬಳಾದರೂ ಕೇಳುತ್ತಾಳೆ, "ಆ ಕಾಲದಾಗ ನಿಮಗ ಹೆದರಿಕಿ ಆಗ್ತಿರಲಿಲ್ಲೇನ್ರೀ ಅಮ್ಮಾ?" ಎಂದು. ಆಗುತ್ತಿತ್ತು. ಹೆರಿಗೆ ಮನೆಯ ಹೊಸ್ತಿಲು ದಾಟುವ ಮುಂಚೆ ಪ್ರತಿಸಲವೂ ನನ್ನ ಅಂಗೈ ಬೆವರುತ್ತಿತ್ತು. ನಿವೃತ್ತಿಯಾಗುವತನಕ ಅದು ನಿಲ್ಲಲಿಲ್ಲ. ಮತ್ತೆ ಕೆಲಸ ನಡೆದದ್ದು ಹೇಗೆ ಎಂದರೆ ಒಂದು ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಕೆಲವು ಮಂದಿಯ ಬಗ್ಗೆ ಹೇಳಬೇಕಾಗುತ್ತದೆ. ಬಡ್ತಿ, ವರ್ಗಾವಣೆಗಳ ಸುದ್ದಿ ಬಿಟ್ಟು ಅವರ ಬಗ್ಗೆಯೇ ಬರೆಯುತ್ತೇನೆ.

ಮೊದಲನೆಯವರು ನನ್ನ ಅತ್ತೆ ನಾಗಮ್ಮ.

ನಮ್ಮದು ಸಿಂಧನೂರು. ಈಗ ಆ ಕಡೆ ಎಲ್ಲಿ ನೋಡಿದರೂ ಕಾಲುವೆ, ಭತ್ತದ ಗದ್ದೆ. ನಾನು ಹೇಳುತ್ತಿರುವುದು ನಿಜಾಮರ ಕಾಲದ ಮಾತು. ಆಗ ಅಲ್ಲಿ ಕಣ್ಣು ಹಾಯುವಷ್ಟು ದೂರವೂ ಎರೆಹೊಲ, ಜೋಳ, ಹತ್ತಿ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ನನ್ನ ಗಂಡ ವಾಂತಿಭೇದಿಯಿಂದ ತೀರಿಕೊಂಡರು. ಅತ್ತೆಗೆ ಅವರೊಬ್ಬರೇ ಮಗ. ಅತ್ತೆ ಎಲ್ಲರೆದುರು ಅತ್ತವರಲ್ಲ. ಬೆಳಕು ಹರಿಯುವಾಗ ಸ್ನಾನ ಮಾಡಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆ ಬಿಸಿಲು ಹಣೆಗೆ ಬೀಳುವತನಕ ಕೂತಿರುತ್ತಿದ್ದರು. ಪಕ್ಕದಲ್ಲಿ ನಾನೂ ಕೂಡುತ್ತಿದ್ದೆ. ಲಿಂಗ ನನ್ನ ಕೈಯಲ್ಲಿರುತ್ತಿತ್ತು, ಮನಸ್ಸು ಅಲ್ಲಿರುತ್ತಿರಲಿಲ್ಲ. ನನ್ನ ಗಂಡನನ್ನು ಉಳಿಸದ ದೇವರ ಜೊತೆ ನನಗೆ ಮಾತು ಬೇಡವಾಗಿತ್ತು.

ಒಂದು ದಿನ ಪೂಜೆ ಮುಗಿಸಿ ಎದ್ದವರೇ ಅತ್ತೆ ಕೇಳಿದರು. "ಬಸಮ್ಮಾ, ನಿನಗ ನಾಕಕ್ಷರ ಓದಾಕ ಬರ್ತೈತಿ. ರಾಯಚೂರಾಗ ಹೆಣ್ಣಮಕ್ಕಳಿಗೆ ದವಾಖಾನಿ ಕೆಲಸ ಕಲಿಸ್ತಾರಂತ. ಹೋಗ್ತಿಯೇನು?"

ಸುದ್ದಿ ಕೇಳಿ ಬಂಧು-ಬಳಗವೆಲ್ಲ ಪಡಸಾಲೆಯಲ್ಲಿ ಬಂದು ಕೂತಿತು. ಗಂಡ ಸತ್ತವಳು ಮಂದಿ ಮನೆಯ ಹೆರಿಗೆ ಮಾಡುತ್ತ ತಿರುಗಿದರೆ ಮನೆತನದ ಮಾನ ಏನಾಗಬೇಕು ಎಂದು ಒಬ್ಬೊಬ್ಬರೂ ಒಂದೊಂದು ಥರ ಕೇಳಿದರು. ಎಲ್ಲರ ಮಾತು ಮುಗಿದ ಮೇಲೆ ಅತ್ತೆ ಹೇಳಿದರು. "ಮಗನ್ನ ಒಯ್ದ ಶಿವ ನನಗೊಂದು ಮಗಳನ್ನ ಉಳಿಸ್ಯಾನ. ಒಲಿ ಮುಂದ ಕುಂಡ್ರಿಸಿ ಮುದುಕಿ ಮಾಡು ಅಂತ ಉಳಿಸಿಲ್ಲ."

ರಾಯಚೂರಿನತನಕ ಅವರೇ ಬಂಡಿಯಲ್ಲಿ ಬಂದು ನನ್ನನ್ನು ಬಿಟ್ಟುಹೋದರು. ಹೋಗುವಾಗ ಹೇಳಿದ್ದು ಇಷ್ಟೇ. "ಹೆದರಿಕಿ ಆದ್ರ ಹೆದರು. ಕೆಲಸ ಮಾತ್ರ ಬಿಟ್ಟು ಬರಬ್ಯಾಡ."

ಕಲಿಕೆ ಮುಗಿದ ಮೇಲೆ ನನ್ನನ್ನು ಲಿಂಗಸುಗೂರಿನ ಸರ್ಕಾರಿ ದವಾಖಾನೆಗೆ ಹಾಕಿದರು. ಅಲ್ಲಿಯ ಜನರ ಬಾಯಲ್ಲಿ 'ನರ್ಸ್ ಅಮ್ಮ' ಹೋಗಿ 'ನರಸಮ್ಮ' ಆದೆ. ಬಸಮ್ಮ ಎಂಬ ಹೆಸರು ನನಗಿದೆ ಎನ್ನುವುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ನನ್ನ ಮೇಲಿನವರು ಔರಂಗಾಬಾದಿನ ಕಡೆಯ ಒಬ್ಬ ಮುಸಲ್ಮಾನ ಡಾಕ್ಟರು. ಎತ್ತರದ ಆಳು, ಮಾಸಿದ ಕಪ್ಪು ಶೇರವಾನಿ. ಸುತ್ತಿನ ಹಳ್ಳಿಗಳಲ್ಲೆಲ್ಲ ಡಾಕ್ಟರ್ ಸಾಹೇಬರು ಎಂದರೆ ಅವರೇ. ಅವರಿಗೆ ಕನ್ನಡ ಬಾರದು, ನನಗೆ ಉರ್ದು ಅರ್ಧಂಬರ್ಧ.

ಸೇರಿದ ಹೊಸದರಲ್ಲಿ ಒಂದು ಹೆರಿಗೆಯ ವೇಳೆ ಸಾಹೇಬರು ಆಚೆ ಕೋಣೆಯಿಂದ "ಕೈಂಚಿ ಉಬಾಲೋ!" ಎಂದು ಕೂಗಿದರು. ಕುದಿಸು ಎಂದದ್ದು ತಿಳಿಯಿತು. ಕುದಿಸಬೇಕಾದದ್ದು ಕಂಚು ಎಂದುಕೊಂಡೆ. ದವಾಖಾನೆಯಲ್ಲಿ ಕಂಚಿನ ಸಾಮಾನು ಎಲ್ಲಿಂದ ಬರಬೇಕು? ಓಡಿಹೋಗಿ ಪಕ್ಕದ ಮನೆಯಿಂದ ಒಂದು ಕಂಚಿನ ತಾಟು ತಂದು, ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ, ಚೆನ್ನಾಗಿ ಕುದಿಸಿದೆ. ಸಾಹೇಬರು ಬಂದು ಮುಚ್ಚಳ ತೆಗೆದು ನೋಡಿದರು. ಅವರು ಕೇಳಿದ್ದು ಕತ್ತರಿ. ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಇನ್ನೂ ಹೆರಿಗೆಗೆ ಸಮಯವಿತ್ತು, ಕತ್ತರಿ ಕುದಿಸಿಕೊಟ್ಟೆ. ಮರುದಿನದಿಂದ ಕೆಲಸ ಮುಗಿದ ಮೇಲೆ ಅವರು ನನಗೆ ಒಂದಷ್ಟು ಉರ್ದು ಮಾತು ಹೇಳಿಕೊಡುವುದು, ನಾನು ಅವರಿಗೆ ಒಂದಷ್ಟು ಕನ್ನಡ ಹೇಳಿಕೊಡುವುದು ಶುರುವಾಯಿತು.

ಈಗಿನ ಹುಡುಗಿಯರು ಕಾಗದದ ಚೀಲ ಹರಿದು ಹೊಸ ಸೂಜಿ ತೆಗೆಯುತ್ತಾರೆ, ಕೈಗೆ ರಬ್ಬರಿನ ಚೀಲ ತೊಡುತ್ತಾರೆ. ನಮ್ಮ ಕಾಲದಲ್ಲಿ ಹಳ್ಳಿಗಳಲ್ಲಿ ಹೊಕ್ಕಳಬಳ್ಳಿ ಕೊಯ್ಯುತ್ತಿದ್ದದ್ದು ಕುಡುಗೋಲಿನಿಂದ. ನಮ್ಮ ಆಯುಧ ಎಂದರೆ ಕುದಿಯುವ ನೀರು ಮತ್ತು ಸಾಬೂನು. ಮೊಣಕೈತನಕ ತಿಕ್ಕಿ ತೊಳೆಯದೆ ಬಾಣಂತಿಯ ಹತ್ತಿರ ಹೋದರೆ ಸಾಹೇಬರು ಮೂರು ದಿನ ಮಾತು ಬಿಡುತ್ತಿದ್ದರು.

ಅವರ ದೊಡ್ಡತನ ನನಗೆ ಸರಿಯಾಗಿ ಕಂಡದ್ದು ಗುರುಗುಂಟಾದಲ್ಲಿ. ಒಕ್ಕಲಿಗರ ಮನೆಯ ಚೊಚ್ಚಿಲ ಬಸುರಿ, ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಗಂಡಸು ಡಾಕ್ಟರನ್ನು ಒಳಗೆ ಬಿಡಲು ಮನೆಯವರು ಒಪ್ಪಿದ್ದು ಬೇರೆ ದಾರಿಯೇ ಇಲ್ಲ ಎಂದಾದ ಮೇಲೆ. ನಾವು ಹೋಗುವಷ್ಟರಲ್ಲಿ ಹುಡುಗಿ ತೀರ ಸೋತಿದ್ದಳು. "ನನ್ನ ಬಿಡ್ರಿ, ನನ್ನ ಕೈಲಿ ಆಗಂಗಿಲ್ಲ" ಎನ್ನುವುದೊಂದೇ ಮಾತು. ನಾನು ಕೈ ತೊಳೆದು ಎಲ್ಲ ಸಿದ್ಧಮಾಡಿದೆ. ಆಕೆಯ ತಾಯಿ ಬಾಗಿಲಲ್ಲಿ ನಿಂತು ಅಂಗಲಾಚಿದಳು. "ಅಮರೇಶ್ವರನ ಗುಡಿಯಿಂದ ವಿಭೂತಿ ತರಾಕ ನನ್ನ ತಮ್ಮ ಹೋಗ್ಯಾನ್ರಿ. ಈಗ ಬರ್ತಾನ. ಅದನ್ನ ಹಚ್ಚಿದ ಮ್ಯಾಲ ಮುಟ್ರಿ, ನಿಮ್ಮ ಕಾಲು ಬೀಳ್ತೀನಿ."

ಒಂದೊಂದು ಗಳಿಗೆಯೂ ಬೆಲೆಯುಳ್ಳದ್ದು. ಸಾಹೇಬರು ಹುಡುಗಿಯ ನಾಡಿ ಹಿಡಿದು ನೋಡಿ, "ನಿಲ್ಲು ಬೇಟಿ. ಬರ್ಲಿ" ಎಂದರು. ಸ್ವಲ್ಪ ಹೊತ್ತಿಗೆ ಆಕೆಯ ತಮ್ಮ ಓಡೋಡಿ ಬಂದ. ತಾಯಿ ಮಗಳ ಹಣೆಗೆ, ಹೊಟ್ಟೆಗೆ ವಿಭೂತಿ ಹಚ್ಚುವಾಗ ಸಾಹೇಬರು ಪಕ್ಕಕ್ಕೆ ಸರಿದು ಮುಖ ತಿರುಗಿಸಿ ನಿಂತಿದ್ದರು. ಆಮೇಲೆ ತಮ್ಮ ದೇವರನ್ನು ನೆನೆದು ಕೆಲಸಕ್ಕೆ ಕೈ ಹಾಕಿದರು. ಅಲ್ಲಿಯತನಕ ಕಣ್ಣು ಬಿಡದ ಹುಡುಗಿ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಆಕೆಯ ಬಳೆ ಒಡೆದು ನನಗೆ ಗಾಯವಾಯಿತು. ಮಗು ಉಳಿಯಿತು, ಆಕೆಯೂ ಉಳಿದಳು.

ಬಂಡಿಯಲ್ಲಿ ವಾಪಸು ಬರುವಾಗ ನಾನು ಕೇಳಿದೆ. "ಸಾಹೇಬ್ರ, ವಿಭೂತಿ ಬರೋತನಕ ಯಾಕ ಕಾಯ್ದ್ರಿ?"

ಅವರು ತಮ್ಮ ಹೊಸ ಕನ್ನಡದಲ್ಲಿ ಹೇಳಿದರು. "ಆ ಹುಡುಗಿ ಸೋತು ಹೋಗಿದ್ಳು ಬೇಟಿ. ಸೋತ ದಿಲ್‌ಗೆ ಕೊಡಾಕೆ ನನ್ನ ಪೆಟ್ಟಿಗಿಯಾಗ ದವಾ ಇಲ್ಲ. ಆಕಿ ತಾಯಿ ಹತ್ರ ಇತ್ತು. ನಾ ಯಾಕೆ ಬ್ಯಾಡ ಅನ್ನಲಿ?"

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಒಂದು ಚಳಿಗಾಲ ಮಸ್ಕಿಯಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಪ್ಲೇಗು ಬಂತೆಂದು ಎಲ್ಲರಿಗೂ ತಿಳಿಯಿತು. ಇಂಥ ಹೊತ್ತಿನಲ್ಲಿ ಜನ ಊರು ಖಾಲಿ ಮಾಡಿ ಹೊಲಗಳಲ್ಲಿ ಜೋಪಡಿ ಹಾಕಿಕೊಳ್ಳುತ್ತಿದ್ದರು. ಮಸ್ಕಿಯ ಗುಡ್ಡದ ಆಚೆ ಸಜ್ಜೆ ದಂಟಿನ, ತಡಿಕೆಯ ಜೋಪಡಿಗಳ ಇನ್ನೊಂದು ಊರೇ ಎದ್ದಿತ್ತು. ಅಲ್ಲಿ ಪ್ಲೇಗಿನ ಸೂಜಿ ಹಾಕಲು ಸಾಹೇಬರು ನನ್ನನ್ನು ಕಳಿಸಿದರು. ಲಿಂಗಸುಗೂರಿನ ಕೆಲಸ ಬಿಟ್ಟು ಅವರೇ ಬಂದು ಕೂಡುವಂತಿರಲಿಲ್ಲ.

ಅಲ್ಲಿ ನನ್ನ ಜೊತೆಯಾದವಳು ದುರುಗವ್ವ. ಊರ ಹೊರಗಿನ ಕೇರಿಯ ಸೂಲಗಿತ್ತಿ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವಳು. ಪ್ರಾಯದಲ್ಲಿ ಆಕೆಗೇ ಪ್ಲೇಗು ಬಂದು ವಾಸಿಯಾಗಿತ್ತು, ಕುತ್ತಿಗೆಯ ಪಕ್ಕದಲ್ಲಿ ಗಡ್ಡೆಯ ಕಲೆ ಉಳಿದಿತ್ತು. ಔಷಧದ ಪೆಟ್ಟಿಗೆ ಹೊತ್ತು ನನ್ನ ಹಿಂದೆ ಬರುತ್ತಿದ್ದಳು. ಮೇಲಿನ ಜಾತಿಯವರ ಜೋಪಡಿಗಳ ಹತ್ತಿರ ಹೋಗದೆ ದೂರದಲ್ಲಿ ನಿಂತು, "ನರಸಮ್ಮಾರು ಬಂದಾರ ಬರ್ರೆವ್ವಾ, ಇರುವಿ ಕಡಿದಷ್ಟ ಆಗ್ತೈತಿ" ಎಂದು ಕೂಗುತ್ತಿದ್ದಳು.

ಮೊದಮೊದಲು ಯಾರೂ ತೋಳು ಚಾಚಲಿಲ್ಲ. ರಾಚಯ್ಯ ಎಂಬ ಮಠದ ಅಯ್ಯನವರು ಅಲ್ಲೇ ಒಂದು ಜೋಪಡಿಯಲ್ಲಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಸದಾ ಏಕತಾರಿ. ಅವರೇ ಮುಂದೆ ಬಂದು ಸೂಜಿ ಹಾಕಿಸಿಕೊಂಡರು. ಅವರನ್ನು ನೋಡಿ ಒಂದಷ್ಟು ಮಂದಿ ಬಂದರು. ಕೆಲಸ ಹಳಿಗೆ ಬಿತ್ತು ಎಂದುಕೊಂಡೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಸೂಜಿ ಹಿಡಿದ ನನ್ನ ಕೈ ನಡುಗತೊಡಗಿತು. ಜ್ವರ. ಸೊಂಟ ಮುರಿದುಬೀಳುವಂಥ ನೋವು. ಬಗಲಿಗೆ ಕೈ ಹಾಕಿ ನೋಡಿದೆ, ಗಡ್ಡೆ ಎದ್ದಿತ್ತು. ನಾನೂ ಸೂಜಿ ಹಾಕಿಸಿಕೊಂಡವಳೇ. ಸೂಜಿ ಬಹಳ ಜನರನ್ನು ಕಾಯುತ್ತದೆ, ಎಲ್ಲರನ್ನೂ ಅಲ್ಲ ಎಂದು ಸಾಹೇಬರು ಮೊದಲೇ ಹೇಳಿದ್ದರು.

"ದುರುಗವ್ವ, ದೂರ ಸರಿ. ನನ್ನ ಮುಟ್ಟಬ್ಯಾಡ" ಎಂದೆ.

"ನನಗ ಬಂದು ಹೋಗೈತ್ರೀ ಅಮ್ಮಾರ. ಅದಕ್ಕ ನನ್ನ ಗುರ್ತೈತಿ, ಮತ್ತ ನನ್ನ ತಂಟೇಕ ಬರಾಂಗಿಲ್ಲ" ಎಂದು ಆಕೆ ನನ್ನನ್ನು ಎತ್ತಿ ಹೆಗಲಿಗೆ ಒರಗಿಸಿಕೊಂಡಳು. ಎಲ್ಲ ಜೋಪಡಿಗಳಿಂದ ದೂರ, ಒಂದು ಬೇವಿನ ಮರದ ಕೆಳಗೆ ಬೇರೆ ಜೋಪಡಿ ಹಾಕಿ ನನ್ನನ್ನು ಮಲಗಿಸಿದರು. ನನಗೆ ಬಾಯಾರಿ ನಾಲಿಗೆ ಅಂಟಿಕೊಂಡಿತ್ತು. ದುರುಗವ್ವ ನೀರಿನ ಚರಿಗೆ ಹಿಡಿದು ಬಂದವಳು ಹಾಗೇ ನಿಂತಳು. ಆ ಕಾಲದಲ್ಲಿ ನನ್ನಂಥ ಮನೆತನದವಳಿಗೆ ಆಕೆ ನೀರು ಕೊಡುವಂತಿರಲಿಲ್ಲ.

"ಅಮ್ಮಾರ, ನನ್ನ ಕೈಲೆ ಕುಡೀತೀರೇನ್ರಿ?"

ನಾನು ಬಾಯಿ ತೆರೆದೆ. ಆಕೆ ನನ್ನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ಆಕೆಯ ಬಾಯಲ್ಲಿ 'ನೀವು', 'ಅಮ್ಮಾರು' ಬರಲಿಲ್ಲ. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ಹೋದವಳು. ಜ್ವರದ ಮಬ್ಬಿನಲ್ಲಿ ನಾನು "ಅವ್ವಾ" ಎಂದು ಕನವರಿಸಿದಾಗಲೆಲ್ಲ, "ಹೂಂ ಮಗಾ, ಇಲ್ಲೇ ಅದೀನಿ, ನೀ ಮಲಗು" ಎಂದು ಆಕೆ ಓಗೊಡುತ್ತಿದ್ದಳಂತೆ.

ನನಗೆ ಪ್ಲೇಗು ಬಂದದ್ದರಿಂದ ನನ್ನ ಜೀವಕ್ಕಷ್ಟೇ ಅಪಾಯವಾಗಲಿಲ್ಲ. "ಸೂಜಿ ಹಾಕಾಕಿಗೇ ಪಿಳೇಗು ಬಂತು. ಇನ್ನು ಹಾಕಿಸಿಕೊಂಡೋರ ಗತಿ ಏನು?" ಎಂದು ಜೋಪಡಿಯಿಂದ ಜೋಪಡಿಗೆ ಮಾತು ಹಬ್ಬಿತು. ಸೂಜಿಯೇ ರೋಗ ತರುತ್ತದೆ ಎಂದರು. ಹೆದರಿ ಕೆಲವರು ಗಂಟುಮೂಟೆ ಕಟ್ಟಿ ಬಳಗಾನೂರಿನ ಕಡೆ ಹೊರಟರು. ಅಲ್ಲಿಯವರು ಊರಿನ ಗಡಿಯಲ್ಲಿ ಬಡಿಗೆ ಹಿಡಿದು ನಿಂತು ಅವರನ್ನು ಹಿಂದಕ್ಕೆ ಅಟ್ಟಿದರು. ಸುದ್ದಿ ತಿಳಿದು ಸಾಹೇಬರು ಲಿಂಗಸುಗೂರಿನಿಂದ ಧಾವಿಸಿ ಬಂದರು. ನನಗೆ ಹೊಸದಾಗಿ ಬಂದಿದ್ದ ಸಲ್ಫಾ ಗುಳಿಗೆ ಕೊಟ್ಟರು. ಹೊರಗೆ ಹೋಗಿ ಜನರನ್ನು ಕರೆದರು. ಒಬ್ಬರೂ ಬರಲಿಲ್ಲ. ಸೂಜಿಯ ಪೆಟ್ಟಿಗೆ ತೆರೆದಿಟ್ಟುಕೊಂಡು ಅವರೊಬ್ಬರೇ ಬಿಸಿಲಲ್ಲಿ ಕೂತಿದ್ದರು. ಇಲ್ಲಿಂದ ಮುಂದಿನದು ಬಹುಪಾಲು ದುರುಗವ್ವ ಆಮೇಲೆ ನನಗೆ ಹೇಳಿದ್ದು.

ಮರುದಿನ ಬಿಸಿಲೇರುವ ಹೊತ್ತಿಗೆ ಸಿಂಧನೂರಿನ ಕಡೆಯಿಂದ ಒಂದು ಬಂಡಿ ಬಂತು. ಇಳಿದವರು ನನ್ನ ಅತ್ತೆ. ನೇರ ಬೇವಿನ ಮರದ ಹತ್ತಿರ ನಡೆದು ಬಂದರು. ಸಾಹೇಬರು ಬಾಗಿಲಿಗೆ ಅಡ್ಡ ನಿಂತರು.

"ಅಮ್ಮಾ, ಒಳಗ ಬರಬ್ಯಾಡ್ರಿ. ಸೂಜಿ ಹಾಕಿಸಿಕೊಳ್ಳದೇ ನಾ ಬಿಡಂಗಿಲ್ಲ."

ಅತ್ತೆ ಬಾಗಿಲಿನ ಸಂದಿಯಿಂದ ನನ್ನನ್ನು ನೋಡಿದರು. ಆಮೇಲೆ ಬಿಸಿಲಲ್ಲಿ ತೆರೆದಿಟ್ಟ ಸೂಜಿಯ ಪೆಟ್ಟಿಗೆಯನ್ನೂ ಅದರ ಮುಂದಿನ ಖಾಲಿ ಜಾಗವನ್ನೂ ನೋಡಿದರು. ಜನ ಸೂಜಿಗೆ ಹೆದರಿದ ಸುದ್ದಿಯನ್ನು ಅವರು ದಾರಿಯಲ್ಲೇ ಕೇಳಿದ್ದರು.

"ಹಾಕ್ರಿ. ಆದ್ರ ಇಲ್ಲಿ ಬ್ಯಾಡ. ಎಲ್ಲಾರಿಗೂ ಕಾಣೋ ಜಾಗದಾಗ ಹಾಕ್ರಿ."

ಜೋಪಡಿಗಳ ನಡುವಿನ ಬಯಲಿಗೆ ನಡೆದುಹೋಗಿ, ಅಲ್ಲಿ ಬೋರಲು ಬಿದ್ದಿದ್ದ ಒಂದು ಒರಳಿನ ಮೇಲೆ ಕೂತು, ಕುಪ್ಪಸದ ತೋಳು ಮೇಲೇರಿಸಿದರು. ಪರಗಂಡಸಿನ ಎದುರು ಸೆರಗು ಜಾರಗೊಡದ ಹೆಂಗಸು. ಒಬ್ಬೊಬ್ಬರಾಗಿ ಜನ ಹೊರಗೆ ಬಂದು ನೋಡತೊಡಗಿದರು. ಸೂಜಿ ಇಳಿಯುವಾಗ ಅತ್ತೆ ಗಟ್ಟಿಯಾಗಿ ಮಾತಾಡಿದರು.

"ಅಲ್ಲಿ ಮಲಗಿರಾಕಿ ನನ್ನ ಸೊಸಿ. ಆಕಿ ಬದುಕ್ತಾಳೋ ಇಲ್ಲೋ ಶಿವಗ ಗೊತ್ತು. ಸೂಜಿಲಿಂದ ಆಕೀಗೆ ರೋಗ ಬಂದಿಲ್ಲ, ನಿಮ್ಮ ಮನಿ ಮನಿ ತಿರುಗಿ ಬಂದೈತಿ. ನನಗೂ ಒಬ್ಬ ಮಗ ಇದ್ದ. ಅವಂಗ ಔಷಧ ಹುಡುಕಿದ್ರೂ ಸಿಗಲಿಲ್ಲ. ನಿಮ್ಮ ಮಕ್ಕಳಿಗೆ ಅಂಗಳದಾಗ ಬಂದು ಕುಂತೈತಿ. ಬ್ಯಾಡ ಅಂತೀರೇನು?"

ರಾಚಯ್ಯನವರು ಬಂದು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. "ನನಗ ಹಾಕಿ ಎಷ್ಟ ದಿನಾತು, ಈ ಮುದುಕನ್ನ ಪಿಳೇಗು ಒಯ್ದೈತೇನು ನೋಡ್ರಿ" ಎಂದು ತೋಳು ತೋರಿಸಿದರು. ಕಂಕುಳಲ್ಲಿ ಕೂಸು ಹೊತ್ತ ಒಬ್ಬ ಹುಡುಗಿ ಮೊದಲು ಮುಂದೆ ಬಂದಳು. ಆಕೆಯ ಹಿಂದೆ ಆಕೆಯ ಗಂಡ. ಹೊತ್ತು ಮುಳುಗುವತನಕ ಸಾಹೇಬರು ಸೂಜಿ ಕುದಿಸುತ್ತಲೇ ಇದ್ದರಂತೆ.

ಆ ಸಂಜೆ ನನಗೆ ಎಚ್ಚರವಿತ್ತು. ನಾನು ಉಳಿಯುವುದಿಲ್ಲ ಎಂದುಕೊಂಡಿದ್ದೆ. ಕೊರಳಲ್ಲಿದ್ದ ಲಿಂಗವನ್ನು ಅಂಗೈಗೆ ತಂದುಕೊಳ್ಳಬೇಕೆಂದು ಮೊದಲ ಸಲ ಮನಸ್ಸಾಯಿತು, ಕೈ ಏಳಲಿಲ್ಲ. ಬಾಯಲ್ಲಿ ಮಂತ್ರ ಬರಲಿಲ್ಲ. ಅಳು ಬಂತು. ದುರುಗವ್ವ ಏನಾಯಿತೆಂದು ಕೇಳಿದಳು. ಹೇಗೋ ಹೇಳಿದೆ. ಆಕೆ ಹೊರಗೆ ಹೋಗಿ ಯಾರಿಗೋ ಕೂಗಿ ಹೇಳಿದಳು. ಸ್ವಲ್ಪ ಹೊತ್ತಿಗೆ ಮರದ ಆಚೆಯಿಂದ ರಾಚಯ್ಯನವರ ದನಿ ಕೇಳಿತು.

"ತಂಗೀ, ನಿನ್ನ ಪೂಜಿ ನಾವು ಮಾಡ್ತೀವಿ. ನೀ ಬರೇ ಉಸುರಾಡು. ಅಷ್ಟ ಸಾಕು."

ಏಕತಾರಿ ಮಿಡಿಯಿತು. ಅವರ ಜೊತೆ ಜೋಪಡಿಯ ನಾಲ್ಕಾರು ಜನ ತಾಳ ಹಿಡಿದು ಕೂತಿದ್ದರು. ದಮ್ಮಡಿ ಬಡಿಯುತ್ತಿದ್ದವನು ಪಿಂಜಾರರ ಹುಸೇನಪ್ಪ. ಅವರು ಹಾಡಿದ್ದು ಏನೆಂದು ಈಗ ನೆನಪಿಲ್ಲ. ತಾಳದ ಒಂದೊಂದು ಪೆಟ್ಟಿಗೆ ಒಂದೊಂದು ಉಸಿರು ಎಳೆದುಕೊಂಡದ್ದು ನೆನಪಿದೆ. ನನ್ನ ಗಂಡನನ್ನು ಒಯ್ದ ದೇವರು ಯಾರೋ ನನಗೆ ತಿಳಿಯದು. ಆ ಸಂಜೆ ರೋಗಕ್ಕೆ ಹೆದರದೆ ನನ್ನ ಬಾಗಿಲಿಗೆ ಬಂದು ಕೂತ ದೇವರ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಆಮೇಲೆ ಪ್ರತಿ ಸಂಜೆಯೂ ಅವರು ಬಂದರು.

ಒಂದು ಬೆಳಿಗ್ಗೆ ಮೈ ಬೆವತು ಜ್ವರ ಇಳಿಯಿತು. ಸಾಹೇಬರು ಗಡ್ಡೆ ಕೊಯ್ದು ಕೀವು ತೆಗೆದು ಪಟ್ಟಿ ಕಟ್ಟಿದರು. "ಉಳಿದೆ ಬೇಟಿ" ಎಂದಷ್ಟೇ ಹೇಳಿ ಹೊರಗೆ ಹೋದರು. ದಂಟಿನ ಗೋಡೆಯ ಸಂದಿಯಿಂದ ನನಗೆ ಕಾಣುತ್ತಿತ್ತು. ಅವರು ಹೆಗಲ ಮೇಲಿನ ವಸ್ತ್ರ ನೆಲಕ್ಕೆ ಹಾಸಿ ನಮಾಜಿಗೆ ನಿಂತರು. ಬೇವಿನ ಮರದ ಬುಡದಲ್ಲಿ ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದರು. ಸ್ವಲ್ಪ ದೂರದಲ್ಲಿ ದುರುಗವ್ವ ಗುಡ್ಡದ ಮೇಲಿನ ಮಲ್ಲಯ್ಯನ ಗುಡಿಯ ಕಡೆ ತಿರುಗಿ ಕೈ ಜೋಡಿಸಿದ್ದಳು. ಮೂವರೂ ಬೇಡಿಕೊಂಡದ್ದು ನನಗಾಗಿ. ಹೊಸ ಹುಡುಗಿಯರಿಗೆ ನಾನು ಹೇಳುವ ಬುದ್ಧಿಮಾತು ಏನಾದರೂ ಇದ್ದರೆ ಇದೊಂದೇ: ನಿಮ್ಮ ಕೈಯಲ್ಲಿ ಆಗದ ದಿನ ಬಂದರೆ ನಾಚಿಕೆ ಬಿಟ್ಟು ನಾಲ್ಕು ಮಂದಿಯ ಕೈ ಹಿಡಿಯಿರಿ. ಬೇರೆಯವರಿಗೆ ಆಗದ ದಿನ ನಿಮ್ಮ ಕೈ ಕೊಡಿ.

ರೋಗ ಕಡಿಮೆಯಾಗುತ್ತ ಬಂತು. ಸೂಜಿ ಹಾಕಿಸಿಕೊಂಡವರಲ್ಲಿ ಬಹುತೇಕ ಎಲ್ಲರೂ ಉಳಿದರು. ಒಂದೊಂದೇ ಜೋಪಡಿ ಬಿಚ್ಚಿ ಜನ ಮನೆಗಳಿಗೆ ಸುಣ್ಣ ಹೊಡೆದು ಊರಿಗೆ ಮರಳತೊಡಗಿದರು. ನನಗೆ ಇನ್ನೂ ನಡೆಯಲು ಆಗುತ್ತಿರಲಿಲ್ಲ. ಸಿಂಧನೂರಿಗೆ ಹೋಗಿ ಸುಧಾರಿಸಿಕೊಳ್ಳಲಿ, ಗಾಯ ಕಟ್ಟಲು ದುರುಗವ್ವ ಜೊತೆಗಿರಲಿ ಎಂದು ಸಾಹೇಬರು ಹೇಳಿದರು.

ಬಂಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮಲಗಿಸಿದರು. ಅತ್ತೆ ಹತ್ತಿ ಕೂತರು. ದುರುಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂಡಿಯ ಹಿಂದೆ ನಡೆಯಲು ನಿಂತಳು.

"ದುರುಗವ್ವ, ಹತ್ತು" ಎಂದರು ಅತ್ತೆ.

"ಬ್ಯಾಡ್ರೀ ಅವ್ವಾರ. ನಾ ನಡಕೋತ ಬರ್ತೀನಿ. ಮಂದಿ ನೋಡಿದ್ರ ನಿಮಗ ತ್ರಾಸು."

"ಹತ್ತಂದ್ರ ಹತ್ತು. ಹುಡುಗಿ ತಲಿ ಯಾರು ಹಿಡಕೋಬೇಕು?"

ದಾರಿಯುದ್ದಕ್ಕೂ ನನ್ನ ತಲೆ ದುರುಗವ್ವನ ತೊಡೆಯ ಮೇಲಿತ್ತು. ಸಂಜೆ ಬಿಸಿಲಿನಲ್ಲಿ ಬಂಡಿ ನಮ್ಮ ಓಣಿಗೆ ಬಂತು. ನಾನು ಉಳಿದ ಸುದ್ದಿ ಮುಂಚೆಯೇ ಮುಟ್ಟಿದ್ದರಿಂದ ಓಣಿಯ ಹೆಂಗಸರೆಲ್ಲ ನೋಡಲು ಹೊರಗೆ ನಿಂತಿದ್ದರು. ಬಂಡಿಯೊಳಗೆ ದುರುಗವ್ವನನ್ನು ಕಂಡು ಅವರು ಒಂದೆರಡು ಹೆಜ್ಜೆ ಹಿಂದೆ ಸರಿದರು. ಆಕೆ ಯಾವ ಕೇರಿಯವಳೆಂದು ಉಟ್ಟ ಬಟ್ಟೆ, ಮುದುಡಿ ಕೂತ ರೀತಿ ನೋಡಿದರೇ ತಿಳಿಯುತ್ತಿತ್ತು. ಆದರೂ ಎದುರು ಮನೆಯ ಹಿರಿಯಾಕೆ ಬೇಕೆಂದೇ ಕೇಳಿದಳು. "ನಾಗಮ್ಮಾ, ಆಕಿ ಯಾರ ಬೇ?"

ಅತ್ತೆ ಮೊದಲು ಕೆಳಗಿಳಿದರು. ದುರುಗವ್ವನಿಗೆ ಕೈ ಚಾಚಿ ಇಳಿಸಿಕೊಂಡರು. ಓಣಿಯ ಕೊನೆಗೂ ಕೇಳಿಸುವಂತೆ ಹೇಳಿದರು.

"ನಮ್ಮ ಬೀಗತಿ. ಮಗಳನ್ನ ಕರಕೊಂಡು ಬಂದಾಳ."

ಆಮೇಲೆ ಆ ಕೈ ಬಿಡದೆ ಹೊಸ್ತಿಲು ದಾಟಿಸಿ ಆಕೆಯನ್ನು ಒಳಗೆ ಕರೆದುಕೊಂಡು ಹೋದರು.